ಹದಿಮೂರನೆಯ ಗಾಡಿ

ಡಾಲ್ಕಾವೆಯ ದಡದಲ್ಲಿ ನಾನು ಟಿಕೆಟ್ ಹರಿಯುವವನು,
ರೊಸಾಲ್ಬಾ ಚಿಗ್ವಾಯ್ ಗಾಡಿ ಹತ್ತಿಸುವವಳು.
ಕಿತ್ತಳೆ ಬಣ್ಣದ ಕೋಟು, ಬಾಯಲ್ಲಿ ಸೀಟಿ.
ಹನ್ನೆರಡಾಯಿತೋ, ಅಂಗೈ ಎತ್ತುತ್ತಾಳೆ:
ಸಾಕು.
ಹದಿಮೂರನೆಯವನು ಪಾದ್ರಿಯಾದರೂ ಅಷ್ಟೆ,
ಸ್ವಂತ ಸೋದರಮಾವನಾದರೂ ಅಷ್ಟೆ,
ಮುಂದಿನ ದೋಣಿಗೆ ಕಾಯಬೇಕು.

ಈಗ ಅದೇ ರೊಸಾಲ್ಬಾ
ಟಿಕೆಟ್ ಗೂಡಿನ ಸೌದೆ ಒಲೆಯ ಪಕ್ಕ
ಮೊಣಕಾಲ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು
ಐನೂರು ಪದದ ಜಾಗಕ್ಕೆ
ಐನೂರ ಮೂವತ್ತೇಳನ್ನು ತುರುಕಲು ನೋಡುತ್ತಿದ್ದಾಳೆ.
ದೂರದ ಬರ್ಗೆನ್ನಿನಲ್ಲಿ ಸ್ನಾತಕೋತ್ತರ ಓದು,
ಕಡಲ ಪಾಚಿಯ ವಿಷದ ಬಗ್ಗೆ.
ಇದನ್ನೇ ಏಕೆ ಓದಬೇಕು, ತಿಳಿಸಿ;
ಐನೂರು ಪದ ಮೀರದಂತೆ.

ಊರಿಗೆಲ್ಲ ಅಭಿಪ್ರಾಯವಿದೆ.
ಸಾಂತಿಯಾಗೊದಲ್ಲಿ ಓದಿದ ಅತ್ತೆ ಮಗ ಫೋನಿನಲ್ಲಿ:
'ನೂರಕ್ಕೆ ಹತ್ತು ಹೆಚ್ಚಾದರೆ ಯಾರೂ ಕೇಳಲ್ಲ ಕಣೇ.'
ಶಾಲೆಯ ಮೇಷ್ಟ್ರು ದೊನಾತೊ:
'ಕೂತು ಎಣಿಸೋಕೆ ಅವರಿಗೇನು ಬೇರೆ ಕೆಲಸ ಇಲ್ವಾ?'
ಕ್ಯಾಪ್ಟನ್ ಬರ್ರಿಯಾ ಅವಳನ್ನು ಹೊರಗೆ ಕರೆದೊಯ್ದು
ದೋಣಿಯ ಮೈಮೇಲಿನ ಬಿಳಿ ಗೆರೆ ತೋರಿಸಿದ.
'ಇದು ನೀರಿಗಿಳಿದ ಕೂಡಲೇ ದೋಣಿ ಮುಳುಗುತ್ತಾ? ಇಲ್ಲ.
ಎಷ್ಟಕ್ಕೆ ಮುಳುಗುತ್ತೆ ಅಂತ ಕಂಡುಕೊಂಡವರು
ಹೇಳೋಕೆ ವಾಪಸ್ ಬಂದಿಲ್ಲ.'

ನನ್ನನ್ನೂ ಕೇಳಿದಳು. ನಾನೇನು ಬಲ್ಲೆ.
'ಯಂತ್ರವೇ ಕತ್ತರಿಸಿಬಿಟ್ಟರೆ?' ಅಂದೆ,
'ಐನೂರಕ್ಕೆ ಸರಿಯಾಗಿ, ವಾಕ್ಯದ ನಡುಸೊಂಟಕ್ಕೆ,
ಹಲಗೆ ಎತ್ತುವಾಗ ಅರ್ಧ ಹತ್ತಿದ ಕುರಿಯ ಹಾಗೆ?'
ಅವಳು ನಗಲಿಲ್ಲ.
'ಹದಿಮೂರನೆಯದನ್ನು ನಾನು ಬಿಟ್ಟದ್ದು ಒಂದೇ ಸಲ,
ಆ ಜೀಪಿನಲ್ಲಿ ಒಬ್ಬಳು ಹೆರುತ್ತಿದ್ದಳು.
ನನ್ನ ಮೂವತ್ತೇಳರಲ್ಲಿ ಯಾರೂ ಹೆರುತ್ತಿಲ್ಲ.'

ಇಳಿಸತೊಡಗಿದಳು.
'ಚಿಕ್ಕಂದಿನಿಂದಲೂ' ಹೋಯಿತು.
'ಅತ್ಯಂತ', 'ನಿಜಕ್ಕೂ', 'ಹೃತ್ಪೂರ್ವಕ',
ಜಾಗ ತಿನ್ನುವ ಖಾಲಿ ಬುಟ್ಟಿಗಳು,
ಎತ್ತಿಟ್ಟರೆ ಕೈಗೆ ಭಾರವೇ ತಿಳಿಯಲಿಲ್ಲ.
ಹದಿನಾರು ಹೋದವು. ಆಮೇಲೆ ಕೈ ನಿಂತಿತು.

'ನೋಡಿ, ದೊನ್ ಎವಾರಿಸ್ತೊ,
ದೋಣಿಯಲ್ಲಿ ಸೈಕಲ್ಲನ್ನು ನಾನು ಎಣಿಸುವುದೇ ಇಲ್ಲ,
ಆಲೂಗಡ್ಡೆ ಲಾರಿ ಬಂದರೆ ಎರಡೆಂದು ಹಿಡಿಯುತ್ತೇನೆ.
ಇವರ ಲೆಕ್ಕ ಹಾಗಲ್ಲ.
ಇಂಗ್ಲಿಷಿನ ಆ ಪುಟ್ಟ "ದಿ"ಗೂ ಒಂದು,
"ಅಪ್ಪ"ನಿಗೂ ಒಂದೇ.
ಅಜ್ಜಿ ಒಂದೇ ಉಸಿರಿಗೆ ಆಡಿ ಮುಗಿಸುತ್ತಿದ್ದ ಪದ
ಇಲ್ಲಿ ಏಳು ಚೂರಾಗುತ್ತದೆ. ಏಳಕ್ಕೂ ಸುಂಕ.'

ಮುಂದೆ ಎರಡು ವಾಕ್ಯಗಳು ಕಾದು ನಿಂತಿದ್ದವು.
ಒಂದು, ನಿಮ್ಮ ಜಗತ್ಪ್ರಸಿದ್ಧ ವಿಶ್ವವಿದ್ಯಾಲಯ ಎಂಬ ಹೊಗಳಿಕೆ,
ಅತ್ತೆ ಮಗ ಬರೆಸಿದ್ದು.
ಇನ್ನೊಂದು, ಕೆಂಪು ನೀರು ಬಂದ ವರ್ಷ
ಮನೆ ಮುಂದಿನ ಕಪ್ಪೆಚಿಪ್ಪು ಬೇಯಿಸಿ ತಿಂದ ಅಪ್ಪ
ತುಟಿ ಜೋಮು ಹಿಡಿದು
ಇವಳ ಹೆಸರನ್ನು 'ರೊಸಾ' ಎಂಬಲ್ಲಿಗೇ ನಿಲ್ಲಿಸಿದ್ದು.
ಎಣಿಸಿದಳು. ಎರಡೂ ಹತ್ತೊಂಬತ್ತು.

ಒಲೆಗೆ ನಾನೊಂದು ಕೊರಡು ಹಾಕಿದೆ.
ತಿರುಗಿ ನೋಡುವಷ್ಟರಲ್ಲಿ
ಹೊಗಳಿಕೆ ಇರಲಿಲ್ಲ.

ಇನ್ನೂ ಎರಡು ಹೆಚ್ಚು.
ಹುಡುಕಿದಳು, ಗೊಣಗಿದಳು, ಚಹಾ ಆರಿತು.
ಕಡೆಗೆ ತೀರಾ ಕೆಳಗೆ ಕಣ್ಣು ಹೋಯಿತು:
ರೊಸಾಲ್ಬಾ ಚಿಗ್ವಾಯ್.
ಅಳಿಸಿದಳು.
'ಹೆಸರು ಅರ್ಜಿಯಲ್ಲಿ ಹೇಗೂ ಇದೆಯಲ್ಲ,' ಅಂದಳು,
ನನಗೋ, ತನಗೋ.
ಐನೂರು.
ಗುಂಡಿ ಒತ್ತಿ, ಮುಚ್ಚಿ, ದೀಪ ಆರಿಸಿದೆವು.

ಬೆಳಿಗ್ಗೆ ಎಂಟರ ದೋಣಿ.
ಹನ್ನೆರಡು ಹತ್ತಿದವು. ಹಿಂದೆ ಒಂದು ಹಳದಿ ಲಾರಿ,
ಡ್ರೈವರು ಕಿಟಕಿಯಿಂದ ಅರ್ಧ ಹೊರಗೆ:
'ಇಷ್ಟು ಜಾಗ ಇದೆಯಲ್ಲ ತಾಯಿ, ಕಣ್ಣು ಕಾಣಲ್ವಾ?'
ಇತ್ತು, ನಿಜ. ನಾನೂ ನೋಡಿದೆ.
ಅವಳು ಅಂಗೈ ಎತ್ತಿದಳು, ಎಂದಿನಂತೆ.
ಹಲಗೆ ಏರಿತು.
ಆಮೇಲೆ, ಇಷ್ಟು ವರ್ಷದಲ್ಲಿ ಮೊದಲ ಸಲ,
ಒದ್ದೆ ಕಲ್ಲುಗಳ ಮೇಲೆ ಅವನ ಕಿಟಕಿಯವರೆಗೂ ನಡೆದು ಹೋಗಿ
ಕೇಳಿದಳು:
'ಏನು ಹೇರಿದ್ದೀರಿ?'