ಗಾಳಿಯ ಅಳತೆ

ಕೌಲ್‌ಬಜಾರಿನ ನಮ್ಮ ಯೂನಿಟ್ಟಿಗೆ
ಹವಾಲ್ದಾರ್ ಗಾದಿಲಿಂಗ ಬಂದದ್ದು ಏಪ್ರಿಲ್ಲಿನ ನಡುಮಧ್ಯಾಹ್ನ.
ಬೆನ್ನಿಗೊಂದು ಚೀಲ, ಆಟೋದಲ್ಲಿ ಇನ್ನೆರಡು.
"ಶೇಕ್ಷಾವಲಿ ಮಾಸ್ಟರ್ ಯಾರು?" ಅಂದ.
ಚಾಕು ಕೆಳಗಿಟ್ಟು ಎದ್ದೆ.

ಇಪ್ಪತ್ತಾರು ವರ್ಷ ಜೀನ್ಸ್ ಕತ್ತರಿಸಿದ ಕೈ ಇದು.
ಸೊಂಟ, ತೊಡೆ, ಮೊಣಕಾಲು, ಬಾಟಮ್.
ಬಟ್ಟೆ ಒಂದೇ, ಕಟಿಂಗ್ ಬೇರೆ:
ಒಂದರಲ್ಲಿ ಕೂತರೆ ಹೊಲಿಗೆ ಬಿಡುತ್ತದೆ,
ಇನ್ನೊಂದರಲ್ಲಿ ಹುಡುಗರು ಗೋಡೆ ಹಾರುತ್ತಾರೆ.
ಗಾಳಿಗೆ ಮಾತ್ರ ಹೊಲಿದವನಲ್ಲ ನಾನು.

ಮೊದಲು ಬಿಚ್ಚಿದ್ದು ದುಂಡನೆಯದು.
ಟೇಬಲ್ಲಿಗೆ ಹಿಡಿಸದೆ ನೆಲಕ್ಕೆ ಇಳಿಯಿತು ಮಾಸಿದ ಹಸಿರು.
"ಲಗ್ನದ ಶಾಮಿಯಾನ ಏನ್ರೀ?" ಅಂದಳು ಓವರ್‌ಲಾಕಿನ ತಾಯಮ್ಮ.
ನೆತ್ತಿಯಲ್ಲೊಂದು ತೂತು, ತಲೆ ತೂರುವಷ್ಟು.
ತೇಪೆಗೆ ಅಳತೆ ತೆಗೆಯುತ್ತಿದ್ದೆ, ಕೈ ಹಿಡಿದುಬಿಟ್ಟ:
"ಅದು ಹರಿದದ್ದಲ್ಲ ಮಾಸ್ಟರ್, ಬಿಟ್ಟದ್ದು.
ತುಂಬಿದ ಗಾಳಿಗೆ ಮೇಲೊಂದು ಬಾಗಿಲು ಬೇಕು.
ಮುಚ್ಚಿದರೆ ಅಂಚಿನಾಗ ಚೆಲ್ತದ,
ಒಮ್ಮೆ ಈ ಕಡೆ, ಒಮ್ಮೆ ಆ ಕಡೆ.
ಕೆಳಗಿನ ಮನುಷ್ಯ ಗಂಟೆಯ ನಾಲಗೆ ಆಗ್ತಾನ."

ದುಂಡನೆಯದು ಹಾರುವುದಿಲ್ಲವಂತೆ, ತಡೆಯುತ್ತದೆ ಅಷ್ಟೆ.
ಗಾಳಿ ಎತ್ತ ಒಯ್ದರೆ ಅತ್ತ;
ಬಂಡೆಯೋ ಬಾವಿಯೋ, ಆರಿಸುವಂತಿಲ್ಲ.
ಪ್ಯಾಂಟು ಮಡಚಿ ಮೊಣಕಾಲು ತೋರಿಸಿದ.
"ನೂರಾ ಹದಿನಾಲ್ಕು ಸಲ ಇಳಿಸ್ತು. ಇದು ಅದರ ರಸೀದಿ."

ಎರಡನೆಯದು ಚೌಕ. ಅಲ್ಲ, ಉದ್ದಚೌಕ.
ಮೇಲೊಂದು ಪದರ, ಕೆಳಗೊಂದು, ನಡುವೆ ಗೋಡೆ,
ಒಂಬತ್ತು ಕೋಣೆ; ಮುಂದೆ ಬಾಯಿ, ಹಿಂದೆ ಹೊಲಿಗೆ.
ಗೋಡೆಗಳಲ್ಲೂ ತೂತು!
ಈ ಸಲ ನಾನು ತೇಪೆಯ ಮಾತೆತ್ತಲಿಲ್ಲ.
"ಪಕ್ಕದ ಮನೆಗೆ ಸಕ್ಕರೆ ಕಡ ಕೊಡೋ ಕಿಂಡಿ" ಅಂದಳು ತಾಯಮ್ಮ.
"ಹೌದವ್ವ, ಗಾಳಿ ಕಡ" ಎಂದು ನಕ್ಕ.
ಉಬ್ಬಿದರೆ ಬಟ್ಟೆ ರೆಕ್ಕೆಯಾಗುತ್ತದೆ,
ಒಂದಾಳು ಇಳಿಯುವಷ್ಟರಲ್ಲಿ ಮೂರಾಳು ಮುಂದೆ.
ಎಡಕ್ಕೆಳೆದರೆ ಎಡ, ಬಲಕ್ಕೆಳೆದರೆ ಬಲ,
ನೆಲ ಹತ್ತಿರವಾದಾಗ ಎರಡನ್ನೂ ಎಳೆದರೆ
ಕಡೆಯ ಮೆಟ್ಟಿಲು ಇಳಿದಂತೆ ಕಾಲೂರಬಹುದು.
ತಪ್ಪನ್ನು ಕ್ಷಮಿಸುವ ಕಟಿಂಗ್.
ನಮ್ಮ ರೆಗ್ಯುಲರ್ ಫಿಟ್.

ಮೂರನೆಯದನ್ನು ಬಿಚ್ಚುವಾಗ ದನಿ ತಗ್ಗಿತು.
ತುದಿಗಳು ಕಿರಿದಾಗಿ, ಬೇವಿನೆಲೆಯನ್ನು ಅಡ್ಡ ಇಟ್ಟ ಹಾಗೆ.
ನವಿಲುನೀಲಿ. ಮೈತುಂಬ ಬಳ್ಳಾರಿ ಜಾಲಿಯ ಮುಳ್ಳು.
ಪುಣೆಯಲ್ಲಿ ಸೆಕೆಂಡ್‌ಹ್ಯಾಂಡ್ ಕೊಂಡದ್ದು, ಐವತ್ತೆರಡರ ವಯಸ್ಸಿಗೆ.
ಒಮ್ಮೆಯೂ ಹಾರಿಲ್ಲ.
ಮನೆ ಹಿಂದಿನ ಬಯಲಲ್ಲಿ ಹರವಿಕೊಂಡು ನೋಡುತ್ತಿದ್ದಾಗ
ಸುಂಟರಗಾಳಿ ಒಯ್ದು ಜಾಲಿಗೆ ಹಾಕಿತಂತೆ.
"ಭುಜ ವಾಲಿದರ ಸಾಕು, ತಿರುಗ್ತದ.
ತಿರುಗಿದರ ಕೆಳಗ ಧುಮುಕ್ತದ.
ಸೊಟ್ಟ ಬಿಚ್ಚಿತೋ, ಬುಗುರಿ."
ಸ್ವಲ್ಪ ಹೊತ್ತು ಬಟ್ಟೆ ಸವರಿ ಕೇಳಿದ:
"ತುದಿಗೆ ಕೂಡಿಸಿ ಚೌಕ ಮಾಡಾಕ ಬರ್ತದೇನು?"

ಪ್ಯಾಂಟು ಅಗಲಿಸಲು ತರುವವರಿಗೆ ಹೇಳುವುದನ್ನೇ ಹೇಳಿದೆ:
ಒಳಗೆ ಬಟ್ಟೆ ಬಿಟ್ಟು ಹೊಲಿದಿದ್ದರೆ ಬಿಚ್ಚಬಹುದು,
ಕತ್ತರಿ ಹೋದ ದಾರಿ ಹೋದದ್ದೇ.
ನಮ್ಮ ದಾರ ಇದಕ್ಕೆ ಭಾರ,
ಸೂಜಿ ಇಟ್ಟಲ್ಲೆಲ್ಲ ಗಾಳಿ ಸೋರುತ್ತದೆ.
ಮುಳ್ಳು ಬೇಕಾದರೆ ಕೀಳೋಣ.

ಕಿತ್ತೆವು. ತಾಯಮ್ಮ ಚಿಮಟದಿಂದ, ನಾನು ಉಗುರಿನಿಂದ,
ಅವನು ಕನ್ನಡಕ ಹಣೆಗೇರಿಸಿ.
ಮಿರ್ಚಿ ಕಟ್ಟಿ ತಂದಿದ್ದ ಕಾಗದದ ಮೇಲೆ ನಲವತ್ತೊಂದು ಮುಳ್ಳು.

ಕರೆಂಟ್ ಹೋಯಿತು. ಮಾಳಿಗೆಗೆ ಒಯ್ದೆವು.
ಕೋಟೆ ಗುಡ್ಡ ಇನ್ನೂ ಕಾದ ಹೆಂಚು;
ಸಂಡೂರಿನ ಕಡೆಯಿಂದ ಕೆಂಪು ಧೂಳಿನ ಗಾಳಿ.
ನಡುವಿನ ಕೋಣೆ ಮೊದಲು ತುಂಬಿತು, ಆಮೇಲೆ ಅಕ್ಕಪಕ್ಕ,
ಕಟ್ಟಕಡೆಗೆ ಆ ಎರಡು ಕಿರಿದಾದ ತುದಿ.
ಹಗ್ಗದ ಜೊಂಪೆ ನನ್ನ ಕೈಯಲ್ಲಿತ್ತು.
ಅವಸರದ ಗಿರಾಕಿ ತೋಳು ಹಿಡಿದು
"ನಂದಾಯ್ತಾ ಮಾಸ್ಟರ್?" ಅಂದ ಹಾಗೆ ಜಗ್ಗಿತು.
ಕೊರಳ ಟೇಪು ತಾನಾಗಿ ಎದ್ದು ಪಟಪಟ ಬಡಿಯಿತು.
ಎಷ್ಟು ಇಂಚು, ಯಾರೂ ನೋಡಲಿಲ್ಲ.

ಗಾದಿಲಿಂಗನ ಹಿಮ್ಮಡಿ, ಅದೇ ಕುಂಟು ಕಾಲಿನದು,
ನೆಲದಿಂದ ಒಂದು ಬೆರಳು ಮೇಲಿತ್ತು.

ಆರಕ್ಕೆ ಕರೆಂಟ್ ಬಂತು.
ಇಳಿದೆವು. ಇನ್ನೂ ಇನ್ನೂರು ಪೀಸು ಬಾಕಿ.