ಭಾಲ್ಕಿಯ ಈಕಾರ

ಬೀದರ ಬಸ್‌ಸ್ಟ್ಯಾಂಡಿನ ಗೇಟಿನ ಹೊರಗ
ಕ್ರೂಸರ್ ತುಂಬಿಸೋದು ನನ್ನ ಕೆಲಸ.
ಭಾಲ್ಕೀ ಭಾಲ್ಕೀ ಭಾಲ್ಕೀ
ಇಪ್ಪತ್ತೆರಡು ವರ್ಷ ಒದರಿ ಒದರಿ
ಆ 'ಕೀ' ಅನ್ನೋದು ಗಂಟಲಾಗ ಮೊಳೆ ಹೊಡಕೊಂಡು ಕೂತದ.
ಚಹಾದಂಗಡಿ ಆಚಿ, ಹಾರನ್ನಿನ ಮ್ಯಾಲ,
ಮೂರು ಲಾರಿ ದಾಟಿ ಅದು ಹೋಗಬೇಕು.
ಹೋಗ್ತದ. ಅದರಾಗೇ ನನ್ನ ರೊಟ್ಟಿ.

ಅಂಥಾ ದನಿ ತಗೊಂಡು ಒಂದು ಶನಿವಾರ ಸಂಜಿಕ
ಮಂಗಲಪೇಟೆ ಚರ್ಚಿನ ಹಿಂದಿನ ಕೋಣಿಗಿ ಹೋದೆ.
ಹದಿನಾಲ್ಕು ಮಂದಿ, ಒಂದು ಹಾರ್ಮೋನಿಯಂ,
ಅದರಾಗ ಎರಡು ಮನಿ ಸತ್ತಾವ.
ಹಾಡಸೋಕಿ ಎಸ್ತೇರಬಾಯಿ ಸಿಸ್ಟರ್,
ಮಿಷನ್ ದವಾಖಾನಿಯಾಗ ನರ್ಸಾಗಿ ರಿಟೈರ್ ಆದಾಕಿ.
ನನ್ನ ಮೊದಲನೇ 'ಶಾಂತೀ' ಕೇಳಿ ಕೈ ಎತ್ತಿದಳು:
"ಜೈವಂತಾ, ನಿನ್ನ ಶಾಂತಿಯಾಗ ಜಗಳ ಅದ."

ಎಲ್ಲರೂ ನಕ್ಕರು. ನಾನೂ ನಕ್ಕೆ.
ಆ ರಾತ್ರಿ ನಿದ್ದಿ ಹತ್ತಲಿಲ್ಲ.

ಖರೆ ಹೇಳಬೇಕಂದ್ರ ತಪ್ಪು ನಂದೊಂದೇ ಇದ್ದಿಲ್ಲ.
'ದೇವಾ' ಅನ್ರಿ ಅಂದ್ರ
ವೈಜಿನಾಥ ಮಾಸ್ತರದು ಪುಸ್ತಕದಾಗಿದ್ದಂಗ ದೇವಾ,
ಔರಾದ ಕಡೀ ಮಂದೀದು ದ್ಯಾವಾ,
ಉದಗೀರಿನ ಶೆವಂತಾಳ ಬಾಯಾಗ
ಕೊನೀಗಿ ಅರ್ಧ ನುಂಗಿದ ದೇವ್,
ಜಹೀರಾಬಾದಿನ ಕರುಣಮ್ಮ ಎಳದಷ್ಟೂ ಮುಗೀದ ದೇವಾ.
ಇರೋನು ಒಬ್ಬ, ನಾಕು ಬಾಗಲದಾಗ ನಿಂತಿದ್ದ.
"ಸ್ವರ ಒಂದೇ ಅದ, ಬಾಯಿ ಬ್ಯಾರೆ ಅವ.
ಮೊದಲ ಬಾಯಿ ಕೂಡಸ್ರಿ" ಅಂದು ಸಿಸ್ಟರ್
ಎರಡು ವಾರ ಹಾಡೇ ಬಿಡಸಿದಳು.
ಬರೇ ಏ. ಬರೇ ಆ.
ಕಿಟಕ್ಯಾಗ ಹುಡುಗರು ನಿಂತು ಅಣಕಿಸಿದರು.

ನನಗ ಮಾತ್ರ ಬ್ಯಾರೆ ಔಷಧ:
"ತುಟಿ ಊ ಅನ್ನಲಿ, ಒಳಗ ಈ ಅನ್ನು.
ಸೂಜಿ ಅದು. ಅರಿವ್ಯಾಗ ಸುತ್ತಿ ಕೊಡು."
ಮಾಸ್ತರ ಬಾಜೂಕ ಕೂಡಿಸಿದಳು.
ಅವರ ದನಿ ಅಂದ್ರ
ಹಾಲು ಉಕ್ಕೋಕಿಂತ ಮೊದಲ ಮಾಡೋ ಸದ್ದು, ಅಷ್ಟೇ.
"ಅವರು ಕೇಳಸಲಿಲ್ಲಂದ್ರ ನೀ ಹೆಚ್ಚಾದಿ ಅಂತ ತಿಳಿ."

ಉಸಿರಿನ ಮಾತು ಬಂದಾಗ ಖುರ್ಚಿ ಎಳಕೊಂಡು ಕೂತಳು:
"ರಾತ್ರಿಪಾಳಿಯಾಗ ನಾವು
ಎಲ್ಲರೂ ಒಮ್ಮಿಗೇ ಕಣ್ಣು ಮುಚ್ಚತಿದ್ದಿಲ್ಲ.
ಒಬ್ಬಾಕಿ ತೂಕಡಿಸಿದ್ರ ಒಬ್ಬಾಕಿ ಎದ್ದಿರತಿದ್ದಳು,
ಪೇಷಂಟಿಗಿ ಗೊತ್ತೇ ಆಗತಿದ್ದಿಲ್ಲ.
ಹಂಗ ತಗೋರಿ ಉಸಿರು. ಕದ್ದು. ಸರದಿ ಮ್ಯಾಲ."

ಗುಡ್‌ಫ್ರೈಡೇಕ ಎಂಟು ದಿನ ಇದ್ದಾಗ ಕರೆಂಟ್ ಹೋಯ್ತು,
ಕೋಣಿ ಕುದೀತಿತ್ತು.
ಕ್ರೂಸರಿನಾಗ ಎಲ್ಲರನ್ನೂ ತುರುಕಿ
ನೌಬಾದಿನ ಸುರಂಗ ಬಾವಿಗಿ ಒಯ್ದೆ, ಬಾಡಿಗಿ ಇಲ್ಲದ.
ಮೆಟ್ಟಲ ಇಳದು, ಬಾಯಿ ಮುಚ್ಚಿ, ಬರೇ ಮ್.
ಕತ್ತಲಾಗ ನೀರು ಹೊಂಟಿತ್ತು,
ಯಾ ಹನಿ ಯಾ ಕಲ್ಲಿನಿಂದ ಒಸರಿದ್ದೋ.
ನಾ ನನ್ನ ದನಿ ಹುಡುಕಿದೆ.
ಜೇಬಿನಾಗ ಕೀಲಿ ತಡಕಾಡಿದಂಗ ಹುಡುಕಿದೆ,
ಹೆದರಿಕಿ ಆಯ್ತು.
ಎದಿ ನಡುಗತಿತ್ತು, ಅಂದ್ರ ಹಾಡತಿದ್ದೆ;
ಕಿವಿಗಿ ಒಂದೇ ದನಿ, ಅದು ಯಾರದೂ ಅಲ್ಲ.
ಸಿಸ್ಟರ್ ಏನೂ ಅನ್ನಲಿಲ್ಲ,
ಸೆರಗಿಲೆ ಚಷ್ಮಾ ವರಸಕೊಂಡಳು.

ಮರುದಿನ ಮುಂಜಾನಿ ಗೇಟಿನ ಮುಂದ
ತುಟಿ ಗುಂಡಗ ಮಾಡಿ ಕೂಗಿದೆ, ಭಾಲ್ಕೀ.
ಒಬ್ಬರೂ ಹೊಳ್ಳಿ ನೋಡಲಿಲ್ಲ.
ಡ್ರೈವರ್ ಮೌಲಾಸಾಬ ಹಣಿ ಮುಟ್ಟಿ ನೋಡಿದ:
"ಕ್ಯಾ ಹುವಾ ರೇ, ಬುಖಾರ್ ಆಯಾ ಕ್ಯಾ?"
ಕಾಯಿಪಲ್ಲೆ ಗಂಟಿನ ಮುದುಕಿ ಸಿಟ್ಟಿಗೆದ್ದಳು:
"ಜೋರ ಹೇಳೋ ಯಪ್ಪಾ, ಗಾಡಿ ಯಾ ಊರಿಗಿ?"

ಮೊಳೆ ಹೊರಗ ತಗದೆ. ಮೂರು ಲಾರಿ ದಾಟಿತು.
ಹನ್ನೆರಡು ಸೀಟು ತುಂಬಿದವು, ಮುದುಕಿಗಿ ಕಿಟಕಿ ಬಾಜು.
ಗಾಡಿ ಹೋದ ಮ್ಯಾಲ, ಧೂಳಿನಾಗ,
ಬೀಡಿ ಹಚ್ಚೋನಂಗ ಗ್ವಾಡಿ ಕಡಿ ಹೊಳ್ಳಿ
ತುಟಿ ಊ, ಒಳಗ ಈ.