ಫ್ರಿಜ್ ನದಿ ದಾಟಿದ್ದು

ಹನ್ನೊಂದನೆಯ ಸಲ ಫ್ರಿಜ್ ಮಾಂಡವಿ ದಾಟಿತು.
ರಾಯಬಂದರಿನಿಂದ ಚೊಡಣ, ಚೊಡಣದಿಂದ ರಾಯಬಂದರು.
ನಡೆದು ಹತ್ತುವವರಿಗೆ ಫೆರಿ ಪುಕ್ಕಟೆ, ಹಾಗಾಗಿ
ನನ್ನ ಸಿನಿಮಾದ ಅತಿ ದೊಡ್ಡ ಸೆಟ್ಟು ಅದೇ.
ಫ್ರಿಜ್ ನಡೆಯುತ್ತದೆಯೇ ಎಂಬುದು
ಹಗ್ಗ ಎಸೆಯುವ ದಿಗಂಬರನ ತಕರಾರು.
‘ನಾಲ್ಕು ಜನ ಹೊತ್ತರೆ ಹೆಣವೂ ನಡೆದ ಹಾಗೇ’
ಎಂದರು ಕಾಯತಾನ್ ಮಾಮ.
ಫೆರಿಗೆ ಫೆರಿಯೇ ನಕ್ಕಿತು.
ನಾನು ಬರೆದ ಸಾಲಲ್ಲ ಅದು.
ಕ್ಯಾಮೆರಾ ಬಂದಾಗಿತ್ತು.

ಮಾಮನಿಗೆ ಅರವತ್ತೊಂಬತ್ತು.
ತಿಯಾತ್ರಿನಲ್ಲಿ ಮೂವತ್ತು ವರ್ಷ ಕುಡುಕನ ಪಾರ್ಟು,
ಮನೆಯಲ್ಲಿ ಹನಿ ಮುಟ್ಟಿದವರಲ್ಲ.
ನಸುಕಿಗೆ ಸೈಕಲ್ಲಿನ ಮೇಲೆ ಪಾವು ಮಾರಿ
ಒಂಬತ್ತಕ್ಕೆ ನನ್ನೆದುರು ಬೀಳಲು ಬರುತ್ತಾರೆ.
‘ಬೀಳುವವನಿಗೆ ಬೀಳುತ್ತೇನೆಂದು ತಿಳಿದಿರಬಾರದು, ಬಾಯ್,
ಮೊಣಕಾಲಿಗೂ ಹೇಳಬಾರದು.’
ಬಿದ್ದು, ಎದ್ದು, ಮಣ್ಣು ಕೊಡವಿ
‘ಬರೋಬರ್?’ ಅನ್ನುತ್ತಾರೆ.
ಇನ್ನೊಂದು ಸಲ, ಮಾಮಾ, ಅನ್ನುತ್ತೇನೆ.
ನನ್ನ ಉದ್ಯೋಗ ಅದು.

ಉಳಿದ ದಿನ ವಾಸ್ಕೋದಲ್ಲಿ ಮದುವೆ ವಿಡಿಯೋ.
ಮದುಮಗಳು ಅಳುವುದನ್ನು ಉದ್ದ ಮಾಡಿ,
ಅತ್ತೆ ಆಕಳಿಸಿದ್ದನ್ನು ತೆಗೆಯಿರಿ.
ಅಳುವಿಗೆ ಜನ ತಕರಾರಿಲ್ಲದೆ ದುಡ್ಡು ಕೊಡುತ್ತಾರೆ.
ಆ ದುಡ್ಡಿನಲ್ಲಿ ನಾನು ನಗು ಕೊಳ್ಳುತ್ತೇನೆ.
(ಆಕಳಿಕೆಗಳನ್ನೆಲ್ಲ ಬೇರೆ ಒಂದು ಡಿಸ್ಕಿನಲ್ಲಿ ಇಟ್ಟಿದ್ದೇನೆ.)
ಝುವಾರಿ ನಗರದಲ್ಲಿ ರೊಟ್ಟಿ ಬಡಿಯುತ್ತ ಅವ್ವ:
‘ನಿಮ್ಮ ಮುತ್ಯಾ ಇಡೀ ಓಣಿ ಪುಕ್ಕಟೆ ನಗಸ್ತಿದ್ದ,
ನಿನಗ್ಯಾಕ ಬೇಕ ಎರಡು ಲಕ್ಷ?’
ಉತ್ತರ ಹುಡುಕುತ್ತಲೇ ರೊಟ್ಟಿ ತಿಂದೆ.
ಒಂದೂವರೆ ಕೊಟ್ಟಳು.

ಪಣಜಿಯ ತಣ್ಣನೆಯ ಕೋಣೆಯಲ್ಲಿ ಮೂವರು ಕೂತು ಕೇಳಿದರು:
‘ಇದರ ಸಂದೇಶ?’
ಒಬ್ಬ ಮನುಷ್ಯ, ಒಂದು ಕೆಟ್ಟ ಫ್ರಿಜ್,
ಗ್ಯಾರಂಟಿ ಮುಗಿಯಲು ಇನ್ನೊಂದು ಗಂಟೆ, ಅಂದೆ.
‘ಅಷ್ಟೇನಾ?’
ನಡುವೆ ನದಿ ಇದೆ.
ಒಬ್ಬರು ‘ನದಿ’ ಎಂದು ಬರೆದುಕೊಂಡು
ಪಕ್ಕಕ್ಕೆ ‘ಪರಿಸರ’ ಎಂದು ಬರೆದು
ಪ್ರಶ್ನಾರ್ಥಕ ಚಿಹ್ನೆ ಇಟ್ಟರು.
ಆ ಚಿಹ್ನೆ ಇವತ್ತಿಗೂ ಅಲ್ಲೇ ನಿಂತಿದೆ.

ಮೊದಲ ಪ್ರದರ್ಶನ: ಕ್ಲಬ್ಬಿನ ಹಾಲು,
ಐವತ್ತು ಕುರ್ಚಿ, ಮೂವತ್ತೊಂದು ಜನ, ಒಂದು ನಾಯಿ.
ಕೊನೆಯಲ್ಲಿ ನಮ್ಮ ಥರ್ಮೋಕೋಲ್ ಫ್ರಿಜ್
ಫೆರಿಯಿಂದ ಜಾರಿ ಬುಳುಕ್ಕನೆ ಮುಳುಗುತ್ತದೆ.
ಇಲ್ಲಿ ಬಿದ್ದು ಬಿದ್ದು ನಗಬೇಕು.
ಗೋಡೆಯ ಫ್ಯಾನಿನ ಸದ್ದು.
ಎರಡನೆಯ ಸಾಲಿನಿಂದ ಒಬ್ಬ ಹೆಂಗಸು, ನಿಜವಾದ ಸಂಕಟದಲ್ಲಿ:
‘ಅಯ್ಯೋ, ಕಂತು ತೀರಿತ್ತೋ ಇಲ್ಲೋ!’

ಮನೆಗೆ ಹೋಗಿ ದೀಪ ಹಾಕದೆ ಕೂತೆ.
ಕಂತಿನಲ್ಲಿ ಕೊಂಡವರ ಮುಂದೆ
ಫ್ರಿಜ್ ಮುಳುಗಿಸಿದವಳು ನಾನು.
ಮೂರು ಗಂಟೆಗೆ, ಬೇಡವೆಂದು ಎಸೆದ ಕಡತದಲ್ಲಿ
ಐದನೆಯ ದಾಟು ಸಿಕ್ಕಿತು.
ಮಾಮನ ಎಡಗಾಲಿನ ಚಪ್ಪಲಿ ಕಳಚಿ ನೀರಿಗೆ ಬಿದ್ದಿದೆ,
ಫ್ರಿಜ್ ಬಿಡುವ ಹಾಗಿಲ್ಲ,
ಚಪ್ಪಲಿ ತೇಲುತ್ತ ತನ್ನ ಪಾಡಿಗೆ ಸಮುದ್ರಕ್ಕೆ ಹೊರಟಿದೆ.
ಅದು ನಟನೆಯಲ್ಲ. ಹೊಸ ಚಪ್ಪಲಿ,
ಮಾಪ್ಸಾ ಸಂತೆಯಲ್ಲಿ ಇನ್ನೂರೈವತ್ತು ಕೊಟ್ಟದ್ದು.
ಆ ಮುಖವನ್ನು ಅಲ್ಲೇ ಹಿಡಿದೆ, ಕತ್ತರಿಸಬೇಕಾದ ಕಡೆ ಕತ್ತರಿಸದೆ
ಎರಡು ಸೆಕೆಂಡು ಹೆಚ್ಚಿಗೆ.
ಖಾಲಿ ಮನೆಯಲ್ಲಿ ಯಾರೋ ನಕ್ಕರು.
ನಾನೇ.

ಫ್ರಿಜ್ ಈಗ ಮುಳುಗುವುದಿಲ್ಲ.
ಮಡಗಾಂವಿನಲ್ಲಿ ನಕ್ಕರು, ಬೆಳಗಾವಿಯಲ್ಲಿ ನಕ್ಕರು,
ಪುಣೆಯಲ್ಲಿ ತಡವಾಗಿ ನಕ್ಕರು.
ಬಂದ ಹಣ ಅವ್ವನ ಸಾಲದ ಮೊಣಕಾಲಿಗೆ ಬಂತು.
ಚಪ್ಪಲಿಯ ಇನ್ನೂರೈವತ್ತು ಬಾಕಿ ಇದೆ,
ಮಾಮ ತಿಂಗಳಿಗೊಮ್ಮೆ ಬರಿಗಾಲು ಎತ್ತಿ ತೋರಿಸುತ್ತಾರೆ.
ಎರಡನೆಯ ಸಿನಿಮಾ ಬರೆಯುತ್ತಿದ್ದೇನೆ, ಆಕಳಿಕೆಯ ಮೇಲೆ.

ಸಂಜೆ ಫೆರಿಗೆ ಕಾಯುವಾಗ
ದಿಗಂಬರ ಹಗ್ಗ ಎತ್ತಿಕೊಂಡು ದೂರದಿಂದಲೇ ಕೂಗುತ್ತಾನೆ:
‘ಏನು, ಇವತ್ತು ಒಬ್ಬಳೇ?’
ಎರಡು ಸೆಕೆಂಡು ಸುಮ್ಮನಿದ್ದು
ಹಿಂದೆ ತಿರುಗಿ ನೋಡುತ್ತೇನೆ.